ರವಿವಾರದ ರೀಡಿಂಗ್

ಆರು ದಿನ ಮಂದಿ ಮನಿ ಮೀಟರ್ ಓದ್ತೀನಿ.
ನಾಯಿ ಅದ ಏನ್ರೀ ಅಂತ ಕೂಗಿ
ಗೇಟಿನ ಚಿಲಕ ತೆಗೀತೀನಿ.
ಏಳನೇ ದಿನ ಗಾಡಿಗಿ ನೂರು ರೂಪಾಯಿ ಪೆಟ್ರೋಲ್ ಹಾಕಿಸಿ
ಹೊಂಟೇ ಬಿಡ್ತೀನಿ.
ಎಲ್ಲಿಗಿ ಅಂತಾಳ ತಾರಾಬಾಯಿ.
ಇಲ್ಲೇ ಅಂತೀನಿ.
ಬೀದರ ಜಿಲ್ಲಾ ಪೂರಾ ನನಗ ಇಲ್ಲೇ.

ಬಿಲ್ಲಿನ ರೋಲು ಮುಗಿದಾಗ ಕಡೀಗಿ ಉಳೀತದಲ್ಲ,
ಗೇಣುದ್ದ ಕಾಗದ,
ಅದರ ಹಿಂದ ಬರ್ಕೊಂಡದ್ದು ಇವೆಲ್ಲ.
ಮಷೀನು ಹೊಡೆದ ಅಂಕಿ ತಿಂಗಳೊಪ್ಪತ್ತಿನಾಗ ಮಾಸ್ತಾವ.
ನನ್ನ ಕಾಗಿ-ಗುಬ್ಬಿ ಅಕ್ಷರ
ಇನ್ನಾ ಕುಂತಾವ.

*

ಝರಣಿ ನರಸಿಂಹ. ಎದಿಮಟ ನೀರು.
ಮ್ಯಾಲ ಬಾವಲಿ, ಕೆಳಗ ಮಂದಿ,
ಇಬ್ಬರಿಗೂ ಜಾಗ ಸಾಲವಲ್ದು.
ಮುಂದ ಒಬ್ಬಾಕಿ
ಕೂಸಿನ್ನ ತಲಿಮ್ಯಾಲ ಹೊತ್ಕೊಂಡು ನಡದಾಳ,
ಕೂಸು ಬಾವಲಿಗಿ ಕೈ ಬೀಸ್ಲತ್ತದ.
ಹಿಂದ ಕಾಲೇಜ್ ಹುಡುಗುರು ಗೋವಿಂದಾ ಗೋವಿಂದಾ.
ನಡುವ ನಾನು, ಕೈಮುಗಿದು, ಭಕ್ತಿಲಿಂದ,
ಅಂಗಿ ಜೇಬಿನಾಗ ಮೊಬೈಲ್ ಅದ ಅನ್ನೋದು ಮರೆತು.

ಮೂರು ದಿನ ಅಕ್ಕಿ ಡಬ್ಬಿಯಾಗ ಹುಗಿದಿಟ್ಟೆ.
ಮೊಬೈಲ್ ಏಳಲಿಲ್ಲ.
ಅಕ್ಕಿ ಅನ್ನ ಆತು.

*

ಕಾರಂಜಾ ಹಿನ್ನೀರು. ಜೋಡಿ ಬಂಡೆಪ್ಪ.
ಗಾಳ ಹಾಕಿ ಕುಂತ್ವಿ.
ಮಾತಾಡಬ್ಯಾಡ, ಮೀನ ಓಡ್ತಾವ ಅಂದ.
ಮೂರು ತಾಸು.
ಇಸ್ಪೀಟ್ ಆಡ್ತಾ ಜಗಳಾಡಿ, ಸಾಲ ಕೇಳಿ, ಸಾಲ ಮುಳುಗಿಸಿ
ಇಪ್ಪತ್ತಾರು ವರ್ಷದ ದೋಸ್ತಿ ನಮ್ದು,
ಇಷ್ಟು ಸುಮ್ಮ ಕುಂತಿದ್ದು ಇದೇ ಮೊದಲ.
ಬೆಳ್ಳಕ್ಕಿ ಬಂದು ನಮ್ಮೆದುರೇ
ಎರಡು ಹಿಡಿದು ನುಂಗಿ ಹೋತು.
ನಮ್ದೊಂದೂ ಇಲ್ಲ.
ಎದ್ದು ಪ್ಯಾಂಟ್ ಝಾಡಿಸ್ತಾ ಬಂಡೆಪ್ಪ ಅಂದ,
ಇವತ್ತ ಭಾಳ ಮಾತಾಡಿದ್ವಿ ಬಿಡು.

*

ಅಷ್ಟೂರು.
ಗುಮ್ಮಟದೊಳಗ ಕಾಲಿಟ್ಟವನೇ
ರೂಢಿಬಲದಿಂದ ಗ್ವಾಡಿ ಮ್ಯಾಲ ಮೀಟರ್ ಹುಡುಕ್ದೆ.
ಇಲ್ಲ. ಏನೂ ಕಾಣವಲ್ದು. ಕತ್ತಲಿ, ತಂಪು, ಧೂಪದ ವಾಸನಿ.
ರುಕ್ಮೋದ್ದೀನ್ ಚಾಚಾ ಬಾಗಿಲ ಬಿಸಿಲಿನಾಗ
ಒಂದು ಕನ್ನಡಿ ಹಿಡಿದ,
ಯಾರದೋ ಕಪಾಟಿನದು, ಮೂಲಿ ಒಡೆದದ್ದು.
ಬಿಸಿಲು ಒಳಗ ಬಂದು ಛತ್ತಿಗಿ ಹತ್ತಿತು.
ಕೆಂಪು! ಬಂಗಾರ! ಬಳ್ಳಿ ಮ್ಯಾಲ ಬಳ್ಳಿ!
ಕನ್ನಡಿ ಸರದಂಗ ಹೂವು ಹುಟ್ಲತ್ತಾವ,
ಹಿಂದಿನ ಹೂವು ಕತ್ತಲಿಗಿ ವಾಪಸ್ ಹೊಂಟಾವ.
ಎಷ್ಟು ಯೂನಿಟ್ ಆಗ್ತದ ಚಾಚಾ ಇದು ಅಂದೆ.
ನಕ್ಕ. ಕೈಯಾಗ ಕನ್ನಡಿ ಕೊಟ್ಟು
ಹಿಡಿ, ನಮಾಜಿಗಿ ಹೋಗಿ ಬರ್ತೀನಿ ಅಂದ.

ನನ್ನ ಕೈ ಗದಗದ.
ಬೆಳಕು ಇಲಿ ಹಂಗ ಮ್ಯಾಲೆಲ್ಲ ಓಡಾಡ್ತು.
ಅಷ್ಟರಾಗ ಚಿಟಗುಪ್ಪಾದ ಸಾಲಿ ಹುಡುಗುರು, ಐವತ್ತು ಮಂದಿ.
ಅಣ್ಣಾ ಆ ಕಡಿ, ಅಣ್ಣಾ ಈ ಕಡಿ,
ಅಣ್ಣಾ ಅಲ್ಲಿ ಅಲ್ಲ.
ಹೋಗೋಮುಂದ ಅವರ ಮಾಸ್ತರು
ನನ್ನ ಜೇಬಿಗಿ ಹತ್ತು ರೂಪಾಯಿ ತುರುಕಿದ್ರು.
ಚಾಚಾ ತಗೊಳ್ಳಿಲ್ಲ, ಮೆಹನತ್ ನಿಂದು ಅಂದ.
ಚಾ ಕುಡಿದ್ವಿ ಇಬ್ಬರೂ. ಕಮ್ಮಿ ಬಿದ್ದಿದ್ದು ನಾನೇ ಹಾಕ್ದೆ.

*

ಸೋಮವಾರ. ಇದು ಇಲ್ಲಿ ಬರೀಬಾರದು, ಡ್ಯೂಟಿ ದಿನ.
ಚೌಬಾರಾ ಹಿಂದಿನ ಗಲ್ಲಿ, ನಿಚ್ಚಣಿಕಿ ಕೆಳಗಿನ ಮೀಟರ್,
ಎಂದೂ ಅಂದಾಜಿನ ಮ್ಯಾಲೇ ಬಿಲ್ ಕೊಟ್ಟಿದ್ದು.
ಟಾರ್ಚ್ ಇದ್ದ ಮೊಬೈಲ್ ಹೆಂಗೂ ಸತ್ತದ.
ಹೊರಗ ಹೋಗಿ ಗಾಡಿಯ ಬಲಗಡಿ ಕನ್ನಡಿ ತಿರುಗಿಸಿದೆ.
ಬಿಸಿಲು ಮೆಟ್ಟಿಲು ಇಳಿದು ಹೋತು.
ಮೊದಲ ಜೇಡರ ಬಲಿ.
ಆಮ್ಯಾಲ ಎಂದೋ ಹರಿದ ಕ್ಯಾಲೆಂಡರಿನ ನವಿಲು.
ಕಡೀಗಿ ಅಂಕಿ.
ಮನಿಯವರಾಕಿ ಚಂದಾಬೀ ಬಗ್ಗಿ ನೋಡಿ
ಅರೇ, ಇಲ್ಲಿ ನವಿಲು ಇತ್ತಾ ಅಂದ್ಳು.

ಮುಂದಿನ ವಾರ ಜಲಸಂಗಿ, ಬಂಡೆಪ್ಪ ಬಂದ್ರ.
ಬ್ರೇಕ್ ನೋಡಿಸಬೇಕು.
ಕನ್ನಡಿ ಅವತ್ತಿಂದ ಸಡ್ಲ ಆಗ್ಯದ,
ಎಷ್ಟು ತಿರುವಿದ್ರೂ ಮ್ಯಾಲೇ ನೋಡ್ತದ.
ಹಿಂದ ಲಾರಿ ಬಂದದ್ದು ಕಾಣವಲ್ದು.
ಮೋಡ ಬಂದದ್ದು