ಐದನೆಯ ಗುಂಡಿ

ಕುತಾಯಿಸಿಯ ಹಸಿರು ಸಂತೆಯ ಹಿಂದೆ
ಬೀಗ ರಿಪೇರಿಯವನ ಪಕ್ಕ ಮೆಟ್ಟಿಲಿಳಿದರೆ ನನ್ನ ಅಂಗಡಿ.
ತ್ಸಿಸಾನ ಬಂದಳು, ಕರವಸ್ತ್ರದಲ್ಲಿ ಪೆನ್‌ಡ್ರೈವ್ ಗಂಟು ಹಾಕಿಕೊಂಡು:
"ಮಗಳ ಮದುವೆ, ಬೊಂದೊ. ನೀನೇ ತೆಗೆದದ್ದು.
ನಮ್ಮ ಟಿವಿ ಕೆಳಗಿನ ಪೆಟ್ಟಿಗೆ ತಟ್ಟೆ ಬಿಟ್ಟು ಬೇರೇನೂ ತಿನ್ನುವುದಿಲ್ಲ.
ತಟ್ಟೆ ಮಾಡಿಕೊಡು.
ಅವನನ್ನು ತೆಗೆದು."

ಅವನು ಅಂದರೆ ಗೋಚ, ಮದುಮಗ.
ಹೋದ ಚಳಿಗಾಲ ಕೋರ್ಟಿನಲ್ಲಿ ಮುಗಿದ ಮಾತು.

ಹದಿನಾಲ್ಕು ಫೈಲು, ಆರು ಗಂಟೆ.
ಕತ್ತರಿಯ ಚಿತ್ರ ಒತ್ತಿ ಕೂತೆ.
ಚರ್ಚಿನ ಬಾಗಿಲು ಹೋಯಿತು. ಕಿರೀಟ ಹೋಯಿತು. ಕೇಕು ಹೋಯಿತು.
ಊಟದ ಯಜಮಾನ ಎತ್ತಿದ ಹದಿನೇಳು ಲೋಟಗಳಲ್ಲಿ
ಉಳಿದದ್ದು ಸತ್ತವರಿಗೆ ಎತ್ತಿದ ಒಂದು.
ಮುಖ ತೆಗೆದರೆ ಭುಜ. ಭುಜ ತೆಗೆದರೆ
ಉಪ್ಪಿನ ಬಟ್ಟಲಿನತ್ತ ಚಾಚಿದ ತೋಳು.
ಸೋಸಿ ಸೋಸಿ ನಲವತ್ತು ನಿಮಿಷ:
ಖಾಲಿ ಕುರ್ಚಿ, ಬೇಯುವ ಕುರಿ, ಡೋಲಿನವನು,
ಮತ್ತೆ ಮತ್ತೆ ಯಾರದೋ ಮಗು.
ಮದುವೆಯೊಂದು ತಟ್ಟೆಯಲ್ಲಿ ಜಾಗ ಮಿಗಿಸಿದ್ದು ಅದೇ ಮೊದಲು.

ಆಮೇಲೆ ಒಂಬತ್ತನೆಯ ಫೈಲು.
ತ್ಸಿಸಾನಳ ತಾಯಿ ಅಗ್ರಫೀನ, ಈಗಿಲ್ಲ,
ಊರುಗೋಲನ್ನು ಕುರ್ಚಿಗೆ ಒರಗಿಸಿ ಕುಣಿಯಲು ಎದ್ದಿದ್ದಾಳೆ.
ಎದುರಿಗೆ ಗೋಚ.
ನಮ್ಮಲ್ಲಿ ಆ ಕುಣಿತದಲ್ಲಿ ಗಂಡಸಿನ ತೋಳು
ಹೆಂಗಸಿನ ಉಡುಪಿಗೂ ಸೋಕಬಾರದು.
ಸೋಕಲಿಲ್ಲ. ಆದರೂ ನಡುವೆ
ನನ್ನ ಕತ್ತರಿ ತೂರುವಷ್ಟು ಸಂದಿಯಿಲ್ಲ.
ಹಿಗ್ಗಿಸಿದೆ: ಚೌಕ ಚೌಕವಾಗಿ ಒಡೆದುಹೋದಳು ಅಜ್ಜಿ.
ಪಾದಗಳನ್ನಷ್ಟೇ ಇಟ್ಟೆ: ನಾಲ್ಕು ಷೂ, ಎರಡು ಅವನವೇ.

ಕರೆಸಿದೆ. ಸ್ಟೂಲಿನ ತುದಿಯಲ್ಲಿ ಕೂತು ಮೂರು ಸಲ ನೋಡಿದಳು.
"ತಿರುಗುವಾಗ ಅಮ್ಮನ ಮೊಣಕಾಲು ತಡವರಿಸಿತು, ನೋಡು.
ಇವನು ಹೆಜ್ಜೆ ನಿಧಾನ ಮಾಡಿದ.
ಅವತ್ತು ನಾನು ನೋಡಿರಲಿಲ್ಲ."
ಬೈದಳು; ಯಾರನ್ನೋ ತಿಳಿಯಲಿಲ್ಲ.
"ಇರಲಿ ಬಿಡು. ಆದರೆ ಮೆನುವಿನಲ್ಲಿ ಅದಕ್ಕೆ ಹೆಸರಿಡಬೇಡ."

ಇಡಲಿಲ್ಲ. ಅಡುಗೆ, ನೆಂಟರು, ಡೋಲು, ಸತ್ತವರ ಲೋಟ.
ಐದನೆಯದು ಬರಿ ಗುಂಡಿ,
ರಿಮೋಟು ಅಲ್ಲಿಗೆ ಬಂದಾಗ ಮಾತ್ರ ಹಳದಿಯಾಗುತ್ತದೆ.

'ಬರೆ' ಎಂದು ಒತ್ತಿದೆ.
ಬರೆಯುವುದೂ ಬರೆ ಎಳೆಯುವುದೂ ಈ ಯಂತ್ರಕ್ಕೆ ಒಂದೇ,
ಸುಡದೆ ಇದಕ್ಕೆ ಏನೂ ನೆನಪಿರುವುದಿಲ್ಲ.
ಬೆಚ್ಚಗಿದ್ದ ತಟ್ಟೆಯನ್ನು ಕೋಟಿನೊಳಗೆ ಇಟ್ಟುಕೊಂಡು ಹೋದಳು,
ಹತ್ತು ಲಾರಿ ಬಾಕಿ ಹೇಳಿ.

ರಾತ್ರಿ ಹನ್ನೊಂದಕ್ಕೆ ಫೋನು:
"ಬೊಂದೊ, ಐದು ಮುಗಿದರೆ ಮೆನುವಿಗೆ ವಾಪಸು ಬಂದುಬಿಡುತ್ತೆ.
ಅದು ಅಲ್ಲೇ ತಿರುಗುತ್ತಿರುವ ಹಾಗೆ ಮಾಡಲಾಗದಾ?"

ಸುಟ್ಟಾಗಿದೆ, ತ್ಸಿಸಾನ.
ಇನ್ನು ನೀನೇ ಒತ್ತುತ್ತಿರಬೇಕು.