ಮೂರನೇ ಅದ್ದು

ಪೆಟ್ಟಿಗೆಯ ಮೇಲಿನ ಹೆಸರು ಪಟ್ಟಿಯಲ್ಲಿಲ್ಲ.
ಪ್ರಿಂಟರಿಗೆ ಗೊತ್ತಿರುವುದು ಅದರ ಮನೆಯ ಕಾಗದಗಳಷ್ಟೇ:
ಲಸ್ಟರ್, ಗ್ಲಾಸಿ, ವೆಲ್ವೆಟ್, ವಾಟರ್‌ಕಲರ್, ಹೆವಿ ಮ್ಯಾಟ್.
ನನ್ನದು ಹೊರಗಿನದು, ಪೂರಾ ಹತ್ತಿಯದು,
ಅಂಗೈಗೆ ತಣ್ಣಗಾದ ಜೋಳದ ರೊಟ್ಟಿಯಂತೆ ತಾಗುವುದು.
ಏನೆಂದು ಹೇಳಲಿ ಇದನ್ನು?
ಸುಳ್ಳಂತೂ ಹೇಳಲೇಬೇಕು.
ಆದರೆ ಪ್ರೊಫೈಲು ಮಾಡಿದವರು
ಅಂದು ಹೇಳಿದ ಅದೇ ಸುಳ್ಳನ್ನು.

ಮಾಡಿಕೊಟ್ಟವರು ಹುಬ್ಬಳ್ಳಿಯ ಜಾಲಿಹಾಳ ಮಾಸ್ತರರು.
ಯಾವ ಮೀಡಿಯಾ ಇಟ್ಟು ಅಳೆದರೋ ಚೀಟಿಯಲ್ಲಿ ಬರೆದಿದ್ದರು.
ಚೀಟಿ ಚಹಾ ಗ್ಲಾಸಿನ ಕೆಳಗೆ ನೆಂದು ಹೋಯಿತು.
ಫೋನು ಎತ್ತುತ್ತಿಲ್ಲ. ಮಗಳ ಮದುವೆಯಂತೆ.

ನವನಗರದ ಈ ಅಂಗಡಿಯಲ್ಲಿ
ಸ್ಟೂಲಿನ ತುದಿಗೆ ಕೂತಿದ್ದಾಳೆ ಗುರುಬಸವ್ವ ನೀಲಗಾರ.
'ಅಪ್ಪನ ಫೋಟೋ ರೀ, ಹಳೇ ಊರಾಗ ತಗದದ್ದು.'
ಆ ಓಣಿಯ ಮೇಲೆ ಈಗ ಹಿನ್ನೀರು.
ಪರದೆಯ ಮೇಲೆ
ಬಾನಿಗೆ ಬಗ್ಗಿದ ಗಂಡಸು, ಹೆಗಲ ಮೇಲೆ ಹಸಿ ನೂಲಿನ ಲಡಿ,
ಮೊಣಕೈತನಕ ಎರಡೂ ಕೈ ಕಪ್ಪು.
'ಕಪ್ಪಲ್ಲರೀ ಅದು,' ಅಂದಳು, 'ನೀಲಿ.
ಸಾಯೂತನಕ ಹೋಗಲಿಲ್ಲ.'

ಹೊಳಪಿನ ಕಪ್ಪು ತೆಗೆದು ಮಂಕು ಕಪ್ಪಿಗೆ ಬದಲಿಸಿದೆ.
ಬರೀ ಬದಲಿಸುವುದಕ್ಕೇ ಅಷ್ಟು ಶಾಯಿ ಕುಡಿಯುತ್ತದೆ ಮೂಳ.
ಪ್ರಿಂಟರಿನ ಬಣ್ಣದ ಯಜಮಾನಿಕೆ ಆರಿಸಿದೆ.
ಒಂದು ಮನೆಗೆ ಇಬ್ಬರು ಹಿರಿಯರಾದರೆ
ಮುಖಗಳು ಕೆಂಪಗಾಗುತ್ತವೆ.

ಹೆವಿ ಮ್ಯಾಟ್ ಅಂದೆ.
ಗ್ಯಾಪು ಅಗಲ ಮಾಡುವುದು ಮರೆತೆ;
ಹೆಡ್ಡು ಅಂಚಿಗೆ ಉಜ್ಜಿ
ಆಕಾಶದಲ್ಲೊಂದು ಗೆರೆ.

ವಾಟರ್‌ಕಲರ್ ಅಂದೆ.
ಬಂತು, ದಟ್ಟವಾಗಿ, ಚೆಂದವಾಗಿಯೇ ಬಂತು.
ಆದರೆ ಬಾನಿ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು?
ಮೊಣಕೈ ಕೆಳಗೆ ಮನುಷ್ಯನೇ ಇಲ್ಲ.

ಗುರುಬಸವ್ವ ಎದ್ದು ಬಂದಳು.
ಕಾಗದದ ಬೆನ್ನಿಗೆ ಬೆರಳ ಹಿಂಬದಿ ಇಟ್ಟು
ಮಗುವಿನ ಜ್ವರ ನೋಡುವಂತೆ ನೋಡಿದಳು.
'ಭಾಳ ಕುಡಿಸೀರಿ.
ಹತ್ತಿಗೆ ಸಾಕು ಅನ್ನಾಕ ಬರೂದಿಲ್ಲ,
ಅದ್ದಾವ್ರು ಅನಬೇಕು.'

ವೆಲ್ವೆಟ್ ಇಟ್ಟೆ.
ಹಾಳೆ ಇಂಚಿಂಚೇ ಹೊರಬರುವಾಗ
ಕಣ್ಣು ಕಿರಿದು ಮಾಡಿ ಬಾಗಿದೆ. ಅವಳು ತಡೆದಳು:
'ಹಸೀದ ನೋಡಿ ಬಣ್ಣಾ ಹೇಳಬ್ಯಾಡ್ರಿ. ನಾಳೆ ಬರ್ತೀನಿ.'

ಮರುದಿನ ಹತ್ತು ಗಂಟೆಗೆ, ಬಾಗಿಲ ಬಿಸಿಲಿಗೆ ಹಿಡಿದೆವು.
ಕಪ್ಪಿನೊಳಗೆ ಇನ್ನೊಂದು ಕಪ್ಪು ಬಿಡಿಸಿಕೊಂಡಿತ್ತು.
ನೀರಿನ ಅಂಚು. ಮಣಿಕಟ್ಟು.
ಹೆಬ್ಬೆರಳ ಉಗುರು, ಸೀಳಿದ್ದು.
'ಬಡಿಗಿ ಬಿದ್ದಿತ್ತರೀ ಅದರ ಮ್ಯಾಲ,' ಅಂದಳು,
ಮತ್ತೇನೂ ಅನ್ನಲಿಲ್ಲ.

ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ:
ವೆಲ್ವೆಟ್, ಅಗಲ ಗ್ಯಾಪು, ಮಂಕು ಕಪ್ಪು.
'ಏನ ಬರ್ಯಾಕತ್ತೀರಿ? ಮೂರನೇ ಅದ್ದು ಅಂತ ಬರೀರಿ.'
ಬರೆದೆ.
'ಎರಡನೇದಕ್ಕೂ ರೊಕ್ಕ ಹಿಡೀರಿ. ಅದನ್ನೂ ಒಯ್ತೀನಿ.'
ಯಾಕೆಂದು ಕೇಳಲಿಲ್ಲ. ಸುತ್ತಿ ಕೊಟ್ಟೆ.

ಸಂಜೆ ಮಾಸ್ತರರ ಫೋನು, ಹಿಂದೆ ಬ್ಯಾಂಡಿನ ಸದ್ದು:
'ಯಾವುದ ಇಟ್ಟಿದ್ನೋ ಮಾರಾಯಾ... ವೆಲ್ವೆಟ್ ಇರಬೇಕು.'
ಹೂಂ ರೀ, ಅಂದೆ. ಮೂರನೇ ಅದ್ದು.
'ಏನಂದಿ? ಕೇಳಸವಲ್ದು,'
ಅಂದರು ಮಾಸ್ತರು.