ಹಲವು ಮಕ್ಕಳ ತಾಯಿ

ಗುದ್ದಲಿ ಬೇಡ, ಅಂದಳು ಕೆಂಪಾಜಮ್ಮ.
ಬೆರಳೇ ಸಾಕು. ಇದು ಆಲೂಗೆಡ್ಡೆ ಕೀಳೋದಲ್ಲ ಕಣವ್ವ,
ಹೆರಿಗೆ.

ನಾಗಮಂಗಲದ ಸರ್ಕಾರಿ ಆಸ್ಪತ್ರೆಯ ಹಿಂದೆ
ಪಾಳುಬಿದ್ದ ಕ್ವಾರ್ಟರ್ಸಿನ ಬೇಲಿಗೆ ಹಬ್ಬಿದೆ ಬಳ್ಳಿ:
ಸಬ್ಬಸಿಗೆಯಂಥ ಎಲೆ, ಸವರಿದರೆ ಮುಳ್ಳು.
ಗ್ರಂಧಿಗೆ ಅಂಗಡಿಯಲ್ಲಿ ಶತಾವರಿ, ಡಬ್ಬಿಗೆ ಮುನ್ನೂರು.
ಇಲ್ಲಿ, ಬಿಟ್ಟಿ, ಹಲವು ಮಕ್ಕಳ ತಾಯಿ.

ಮೂವತ್ತೊಂದು ವರ್ಷ ಆಯಾ ಆಗಿದ್ದವಳು
ಬುಡಕ್ಕೆ ಕೈಯಿಟ್ಟಳು, ಮೊಣಕೈವರೆಗೂ,
ಕಣ್ಣು ಮಾತ್ರ ಎತ್ತಲೋ, ನೀರಿನ ಟ್ಯಾಂಕಿನ ಕಡೆ,
ಒಳಗಿರುವುದು ಅಡ್ಡವೋ ನೆಟ್ಟಗೋ
ಬೆರಳಿಗೇ ಗೊತ್ತಾಗಬೇಕು ಎಂಬಂತೆ.

ಬಂದವು ಒಂದೊಂದೇ,
ಬಿಳಿಚಿಕೊಂಡು, ಒದ್ದೆಯಾಗಿ, ಮಣ್ಣು ಮೆತ್ತಿಕೊಂಡು.
ಹದಿನೇಳು, ಅಂದೆ.
ಎಣಿಸಬ್ಯಾಡ, ಗದರಿದಳು, ದೃಷ್ಟಿ ಆಯ್ತದೆ.
ಎರಡನ್ನು ಮತ್ತೆ ಒಳಗೇ ಒತ್ತಿ, ಚೊಂಬು ಬಗ್ಗಿಸಿ,
ಎಲ್ಲಾನೂ ಕಿತ್ಕೊಂಡ್ರೆ ಇವಳಿಗೇನು ಉಳೀತು?

ಸಿಪ್ಪೆ ಸುಲಿದಳು. ನಡುವಿನ ನಾರು ಹಿಡಿದು
ಒಂದೇ ಎಳೆತಕ್ಕೆ ಬಿಡಿಸಿದಳು.
ಅರ್ಧ, ಉಪ್ಪು ನಿಂಬೆಹುಳಿ ಹಾಕಿ ಮಜ್ಜಿಗೆಯ ಜಾಡಿಗೆ;
ಅರ್ಧ, ಜಜ್ಜಿ, ಹಾಲಲ್ಲಿ ಕುದಿಸಿ, ಬೆಲ್ಲ ಕದಡಿ, ನನಗೆ.
ಮೊದಲು ಒಗರು. ಆಮೇಲೆ ಸಿಹಿ, ತಡವಾಗಿ,
ಗಂಟಲು ದಾಟಿದ ಮೇಲೆ ನೆನಪಾಗುವಂಥದ್ದು.

ಹನ್ನೆರಡು ದಿನದಿಂದ ಹಾಲಿಲ್ಲದ ಎದೆಗೆ
ಮೂರನೇ ಸಂಜೆ ಹಾಲು ಬಂತು.
ಬೇರಿನಿಂದಲೋ, ನಿದ್ದೆಯಿಂದಲೋ,
ಅವಳು ಪಕ್ಕದಲ್ಲೇ ಗೋಡೆಗೊರಗಿ
ತೂಕಡಿಸುತ್ತಿದ್ದುದರಿಂದಲೋ, ಗೊತ್ತಿಲ್ಲ.

ನಿನಗೆಷ್ಟು ಮಕ್ಕಳು ಅಂತ ನಾನು ಕೇಳಲಿಲ್ಲ.
ತೊಟ್ಟಿಲಲ್ಲಿ ಮಗು ಅತ್ತಿತು. ಇಬ್ಬರೂ ಎದ್ದೆವು.
ಅವಳ ಕೈ ತನ್ನ ರವಿಕೆಯ ಗುಂಡಿಯವರೆಗೆ
ಹೋಗಿ, ಅಲ್ಲೇ ನಿಂತು,
ಸೆರಗು ಸರಿಮಾಡಿ ಕೆಳಗಿಳಿಯಿತು.
ನೀನೇ ಎತ್ಕೊ, ಅಂದಳು,
ನನ್ನ ಉಗುರಲ್ಲಿ ಇನ್ನೂ ಮಣ್ಣೈತೆ.